ಹತ್ತಿ ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ

ಮಕ್ಕಳನ್ನು ಸೂಜಿ ಚುಚ್ಚಿ ಪರೀಕ್ಷಿಸಬಾರದು ಎಂಬುದು ನಮ್ಮ ಆಸ್ಪತ್ರೆಯಲ್ಲಿ ಎಲ್ಲೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಬದಿಯಲ್ಲಿ ಆಗ ಇದ್ದು ಈಗ ಇಲ್ಲದ, ಹೆಂಚಿನ ಮಾಡಿನ ಮಕ್ಕಳ ಆಸ್ಪತ್ರೆ. ಆಗಷ್ಟೇ ಡಾಕ್ಟರಾದವಳು ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಿಯಮ ಹಾಕಿದವರು ನಮ್ಮ ಹಿರಿಯ ಡಾಕ್ಟರು. ಅವರು ಹೇಳುತ್ತಿದ್ದ ಕಾರಣದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಒಮ್ಮೆ ಸೂಜಿ ಕಂಡ ಮಗು ಮತ್ತೆ ಹೊಟ್ಟೆ ಮುಟ್ಟಲೂ ಬಿಡುವುದಿಲ್ಲ, ಅಳುವ ಮಗುವಿನಿಂದ ಯಾವ ರೋಗವೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆಯೋ ಇಲ್ಲವೋ ಎಂದು ನೋಡಲು ನಾವೆಲ್ಲ ಬಳಸುತ್ತಿದ್ದುದು ಹತ್ತಿ. ಒಂದು ಎಳೆ ಹತ್ತಿಯನ್ನು ತಿರುಚಿ, ಮಗುವಿಗೆ ಕಣ್ಣು ಮುಚ್ಚಲು ಹೇಳಿ, ಪಾದದಿಂದ ಮೇಲಕ್ಕೆ ಸವರುತ್ತಾ ಹೋಗುವುದು. ಮಗು ಕಚಗುಳಿಯಾಗಿ ನಗುತ್ತಿತ್ತು. ನಾವು ಚೀಟಿಯಲ್ಲಿ ‘ಸ್ಪರ್ಶಜ್ಞಾನ ಸರಿ ಇದೆ’ ಎಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು.

ಆ ವರ್ಷ ಮಳೆ ಮುಗಿದರೂ ಪೋಲಿಯೊ ಮುಗಿದಿರಲಿಲ್ಲ. ಒಂದು ಇಡೀ ವಾರ್ಡು ಅದಕ್ಕೇ ಮೀಸಲಾಗಿತ್ತು. ಪೋಲಿಯೊದಲ್ಲಿ ಕಾಲಿನ ಶಕ್ತಿ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ಆದ್ದರಿಂದ ಕಾಲು ಎತ್ತಲಾಗದ ಮಗು ಬಂದು, ಹತ್ತಿಗೆ ನಕ್ಕರೆ, ಉಳಿದದ್ದನ್ನು ಹೆಚ್ಚು ಯೋಚಿಸಬೇಕಿರಲಿಲ್ಲ. ಹತ್ತು ಮಕ್ಕಳಲ್ಲಿ ನಿಜವಾದದ್ದು ಹನ್ನೊಂದನೆಯದರಲ್ಲೂ ನಿಜವೆಂದು ನಂಬಲು ಯಾರೂ ಹೇಳಿಕೊಡಬೇಕಾಗಿಲ್ಲ.

ದಸರಾ ರಜೆಯಲ್ಲಿ ಕಾರ್ಕಳದಿಂದ ಒಬ್ಬಳು ಹುಡುಗಿ ಬಂದಳು. ಹತ್ತು ವರ್ಷ ಇರಬಹುದು. ಮನೆ ಕಾಪುವಿನಲ್ಲಿ, ತಂದೆಗೆ ಅಲ್ಲಿ ದಿನಸಿ ಅಂಗಡಿ. ತಾಯಿ ಹೆರಿಗೆಗೆ ಕಾರ್ಕಳದ ತವರಿಗೆ ಬಂದಿದ್ದರಿಂದ ರಜೆ ಸಿಕ್ಕಿದ ಕೂಡಲೇ ಮಗಳೂ ಅಲ್ಲಿಗೆ ಹೋಗಿದ್ದಳು. ಹಿಂದಿನ ದಿನ ಬೆಳಿಗ್ಗೆ ಆಡುತ್ತಿದ್ದವಳಿಗೆ ಮಧ್ಯಾಹ್ನದ ಹೊತ್ತಿಗೆ ಕಾಲು ಎತ್ತಲಾಗಲಿಲ್ಲ. ಅಲ್ಲಿನ ಡಾಕ್ಟರು ಪೋಲಿಯೊ ಇರಬೇಕು, ಮೈ ಬಿಸಿ ಇದೆ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಬಾಣಂತಿ ತಾಯಿ ಮನೆಯಿಂದ ಹೊರಡುವಂತಿರಲಿಲ್ಲವಾದ್ದರಿಂದ ಜೊತೆಗೆ ಬಂದದ್ದು ಅಜ್ಜಿ, ತಾಯಿಯ ತಾಯಿ.

ಅಜ್ಜಿಗೆ ಬರುತ್ತಿದ್ದುದು ಕರಾವಳಿ ಮುಸ್ಲಿಮರ ಬ್ಯಾರಿ ಭಾಷೆ, ಅದು ಬಿಟ್ಟರೆ ಸ್ವಲ್ಪ ತುಳು. ನನಗೆ ಬ್ಯಾರಿ ಬಾರದು, ನನ್ನ ತುಳು ಬಸ್ಸಿನಲ್ಲಿ ಇಳಿಯಲು ಸಾಕಾಗುವಷ್ಟು. ಹುಡುಗಿಗೆ ಶಾಲೆಯ ಕನ್ನಡ ಚೆನ್ನಾಗಿ ಬರುತ್ತಿತ್ತು. ಹೀಗಾಗಿ ಮಂಚದ ಮೇಲೆ ಅಂಗಾತ ಮಲಗಿದ್ದ ರೋಗಿಯೇ ನಮ್ಮಿಬ್ಬರ ನಡುವಿನ ದುಭಾಷಿಯಾದಳು. ಅವಳಿಗೆ ಆ ಕೆಲಸ ಇಷ್ಟವಾದಂತಿತ್ತು. ನಾನು ಒಂದು ಮಾತು ಕೇಳಿದರೆ ಅಜ್ಜಿಗೆ ಅದನ್ನು ತನಗೆ ಬೇಕಾದಷ್ಟು ಉದ್ದ ಮಾಡಿ ಹೇಳುತ್ತಿದ್ದಳು.

ಎರಡೂ ಕಾಲು ನೆನೆದ ಬಟ್ಟೆಯಂತೆ ಬಿದ್ದಿದ್ದವು. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರೆ ಪಾದ ಹಾರಲಿಲ್ಲ. ಹತ್ತಿ ಸವರಿದರೆ ನಕ್ಕಳು. ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿದರೆ ಯಾವ ಕಡೆಗೆ ಎಂದು ಸರಿಯಾಗಿಯೇ ಹೇಳಿದಳು. ಹಿರಿಯ ಡಾಕ್ಟರು ನೋಡಿದರು, ಗಲ್ಲ ತಟ್ಟಿದರು, ಪೋಲಿಯೊ ವಾರ್ಡಿನಲ್ಲಿ ಮಂಚ ಕೊಡಲು ಹೇಳಿದರು. ನನಗೂ ಬೇರೆಯೇನೂ ಅನ್ನಿಸಲಿಲ್ಲ. ಮೂತ್ರ ಬರುತ್ತಿಲ್ಲ ಎಂಬುದೊಂದು ಸಣ್ಣ ಕಿರಿಕಿರಿ ಮಾಡಿತ್ತು. ಆದರೆ ಪೋಲಿಯೊದಲ್ಲಿಯೂ ಮೊದಲ ದಿನಗಳಲ್ಲಿ ಹಾಗಾಗುವುದುಂಟು. ಮೂತ್ರ ತೆಗೆಯಲು ನಳಿಗೆ ಹಾಕಿದೆವು.

ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಬಂದಾಗ ಸಿಸ್ಟರ್ ಅಜ್ಜಿಯನ್ನು ಬೈಯುತ್ತಿದ್ದರು. ಮೈ ಒರೆಸಲು ಬಟ್ಟೆ ಸರಿಸಿದಾಗ ಅಂಗಾತ ಮಲಗಿದ್ದಾಗ ನಾವು ನೋಡದ ಬಲ ಮೀನಖಂಡದ ಮೇಲೆ ದೊಡ್ಡ ದೊಡ್ಡ ಬೊಬ್ಬೆಗಳು ಕಂಡಿದ್ದವು. ಎಡಗಾಲಿನಲ್ಲೂ ಚರ್ಮ ಕೆಂಪಾಗಿತ್ತು, ಬೊಬ್ಬೆ ಬಂದಿರಲಿಲ್ಲ. ಅಜ್ಜಿ ತಲೆಯ ಮೇಲಿನ ಬಟ್ಟೆಯ ಅಂಚು ಹಿಡಿದು ನಿಂತಿದ್ದರು. ಅದೇನು ಅಂದರೆ ಶಾಖ ಕೊಟ್ಟದ್ದು. ಮನೆಯಲ್ಲಿ ಬಾಣಂತಿ ಇದ್ದಳಲ್ಲ, ಅವಳ ಸೊಂಟಕ್ಕೆಂದು ಹರಳುಪ್ಪನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಮೊಮ್ಮಗಳು ಬೆನ್ನುನೋವು ಎಂದಾಗ ಅದೇ ಗಂಟು ಅವಳ ಬೆನ್ನಿಗೆ ಬಂತು, ಕಾಲು ಸೋತಾಗ ಕಾಲಿಗೂ ಬಂತು. ಮಗುವನ್ನು ಸುಡುವಷ್ಟು ಬಿಸಿ ಯಾರಾದರೂ ಇಡುತ್ತಾರೆಯೇ ಎಂದು ಸಿಸ್ಟರ್ ಕೇಳುತ್ತಿದ್ದರು. ಅದನ್ನು ಅಜ್ಜಿಗೆ ಹೇಳು ಎಂದರೆ ಹುಡುಗಿ ಬಾಯಿಬಿಡಲಿಲ್ಲ. ಆ ಬೈಗುಳವನ್ನು ಅವಳು ಅನುವಾದಿಸಲು ತಯಾರಿರಲಿಲ್ಲ.

ನನಗೆ ಕುತೂಹಲ ಹುಟ್ಟಿದ್ದು ಅಜ್ಜಿಯ ಬಗ್ಗೆ ಅಲ್ಲ, ಹುಡುಗಿಯ ಬಗ್ಗೆ. ಇಷ್ಟು ಸುಟ್ಟಾಗ ನೀನೇಕೆ ಕೂಗಲಿಲ್ಲ ಎಂದು ಕೇಳಿದೆ.

“ಬಿಸಿಯೇ ಇರಲಿಲ್ಲ ಡಾಕ್ಟ್ರೆ. ಗಂಟು ಮುಟ್ಟುದು ಗೊತ್ತಾಗ್ತಿತ್ತು. ಉಪ್ಪು ತಣಿದಿದೆ ಅಂತ ಹೇಳಿದೆ. ಅಜ್ಜಿ ಪುನಃ ಕಾಯಿಸಿ ತಂದರು. ಅದೂ ತಣಿದಿತ್ತು.”

ಅಜ್ಜಿಯನ್ನು ಕೇಳಿದೆ. ಹುಡುಗಿ ಹೇಳಿದ್ದನ್ನೇ ಅವರೂ ಹೇಳಿದರು. ತಣಿದಿದೆ ಎಂದಷ್ಟೂ ಸಲ ಒಲೆಗೆ ಹೋಗಿ ಇನ್ನೂ ಹೆಚ್ಚು ಕಾಯಿಸಿದ್ದರು. ಕೊನೆಯ ಸಲ ತಮ್ಮ ಕೈಗೇ ತಾಳದೆ ಎರಡು ಪದರ ಬಟ್ಟೆ ಸುತ್ತಿ ಹಿಡಿದಿದ್ದರಂತೆ.

ಗಂಟು ಮುಟ್ಟಿದ್ದು ಗೊತ್ತಾಗುತ್ತದೆ, ಬಿಸಿ ಗೊತ್ತಾಗುವುದಿಲ್ಲ. ನಾನು ಆ ಮಾತನ್ನು ಮನಸ್ಸಿನಲ್ಲಿ ಎರಡು ಮೂರು ಸಲ ತಿರುಗಿಸಿ ನೋಡಿದೆ. ಪೋಲಿಯೊದಲ್ಲಿ ಹೀಗಾಗುವುದಿಲ್ಲ. ಪೋಲಿಯೊ ಬಂದ ಕಾಲನ್ನು ಮುಟ್ಟಿದರೇ ಮಕ್ಕಳು ನೋವೆಂದು ಚೀರುತ್ತಾರೆ. ಲ್ಯಾಬಿನಿಂದ ಎರಡು ಗಾಜಿನ ಪ್ರನಾಳಗಳನ್ನು ತರಿಸಿ, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ಐಸ್ ನೀರು ತುಂಬಿಸಿದೆ. ಒಂದು ಸೂಜಿಯನ್ನೂ ತಂದೆ. ವಾರ್ಡಿನಲ್ಲಿ ಹಿರಿಯ ಡಾಕ್ಟರು ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ತಂದೆ ಎಂದು ಹೇಳಬೇಕು.

ಬಲ ಪಾದದ ಮೇಲೆ ಬಿಸಿ ಪ್ರನಾಳ ಇಟ್ಟೆ. “ಮುಟ್ಟಿದಿರಿ” ಎಂದಳು. ತಣ್ಣನೆಯದನ್ನು ಇಟ್ಟೆ. “ಮುಟ್ಟಿದಿರಿ.” ಸೂಜಿ ಚುಚ್ಚಿದೆ. ಕಣ್ಣು ಮುಚ್ಚಿಕೊಂಡೇ, ಸ್ವಲ್ಪ ಬೇಸರದಿಂದ, “ಮುಟ್ಟಿದಿರಿ” ಎಂದಳು. ಮೊಣಕಾಲು, ತೊಡೆ, ಕಿಬ್ಬೊಟ್ಟೆಯವರೆಗೂ ಅದೇ ಉತ್ತರ. ಹೊಕ್ಕುಳ ದಾಟಿ ಒಂದು ಬೆರಳು ಮೇಲೆ ಹೋದಾಗ ಬೆಚ್ಚಿ ಬಿದ್ದು ಕಣ್ಣು ತೆರೆದಳು. ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂಬಂತೆ ನನ್ನನ್ನು ನೋಡಿದಳು. ಎಡಗಾಲಿನಲ್ಲಿ ಬಿಸಿ ಎಲ್ಲೋ ಮಸುಕಾಗಿ ಗೊತ್ತಾಗುತ್ತಿತ್ತು, ಬಲಗಾಲಿನಲ್ಲಿ ಏನೂ ಇಲ್ಲ. ಬಾಲ್ ಪೆನ್ನಿನಿಂದ ಅವಳ ಹೊಟ್ಟೆಯ ಮೇಲೆ ಅಡ್ಡ ಗೆರೆ ಎಳೆದೆ. ಗೆರೆಯ ಮೇಲಿನ ಹುಡುಗಿಗೆ ಎಲ್ಲವೂ ತಿಳಿಯುತ್ತಿತ್ತು, ಕೆಳಗಿನ ಹುಡುಗಿಗೆ ಹತ್ತಿ ಮಾತ್ರ.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಂದು ಮಗುವಿನ ಎರಡೂ ಕಾಲು ಹೋಗಿರುವಾಗ ಸಂತೋಷಪಡುವುದು ಸರಿಯಲ್ಲ ಎಂದು ಗೊತ್ತು. ಆದರೂ ಪಠ್ಯಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಉಸಿರಾಡುತ್ತಾ ಮಲಗಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಬೆನ್ನುಹುರಿಯಲ್ಲಿ ಸ್ಪರ್ಶದ ದಾರಿ ಹಿಂಭಾಗದಲ್ಲಿದೆ. ನೋವು ಮತ್ತು ಬಿಸಿಯ ದಾರಿ, ಕಾಲನ್ನು ಆಡಿಸುವ ನರಕೋಶಗಳು ಮುಂಭಾಗದಲ್ಲಿವೆ. ಹಿಂಭಾಗಕ್ಕೆ ರಕ್ತ ತರುವ ನಾಳಗಳು ಎರಡು, ಮುಂಭಾಗಕ್ಕೆ ಒಂದೇ. ಒಂದೇ ತೋಡಿನ ನೀರನ್ನು ನಂಬಿದ ಗದ್ದೆಯ ಹಾಗೆ. ಆ ಒಂದು ತೋಡು ಕಟ್ಟಿದರೆ ಮುಂಭಾಗ ಒಣಗುತ್ತದೆ, ಹಿಂಭಾಗ ಹಸುರಾಗಿಯೇ ಇರುತ್ತದೆ. ಮುದುಕರ ಮಿದುಳಿಗೆ ಹೊಡೆಯುವ ಲಕ್ವ ಇದೆಯಲ್ಲ, ಅದೇ ಇಲ್ಲಿ ಬೆನ್ನುಹುರಿಗೆ ಹೊಡೆದಿರಬಹುದು. ಹತ್ತು ವರ್ಷದ ಹುಡುಗಿಗೆ.

ಆದರೆ ಇರಬಹುದು ಎಂಬಷ್ಟರಲ್ಲಿ ಚಿಕಿತ್ಸೆ ನಡೆಯುವುದಿಲ್ಲ. ಬೆನ್ನುಹುರಿಯನ್ನು ಹೊರಗಿನಿಂದ ಏನೋ ಒತ್ತುತ್ತಿದ್ದರೂ ಇಂಥದ್ದಾಗಬಹುದು. ಕ್ಷಯ, ಕೀವು, ಗಡ್ಡೆ. ಅದಾಗಿದ್ದರೆ ಬೇಗ ಆಪರೇಷನ್ ಮಾಡಿ ಒತ್ತಡ ತೆಗೆಯಬೇಕು, ತಡವಾದಷ್ಟೂ ಕಾಲು ಬರುವ ಆಸೆ ಕಡಿಮೆ. ಲಕ್ವವಾಗಿದ್ದರೆ ಬೆನ್ನು ತೆರೆದು ಯಾವ ಪ್ರಯೋಜನವೂ ಇಲ್ಲ, ಊದಿಕೊಂಡ ಹುರಿಗೆ ಇನ್ನೊಂದು ಪೆಟ್ಟು ಕೊಟ್ಟಂತೆ. ಎರಡರಲ್ಲಿ ಯಾವುದು ಎಂದು ಇವತ್ತೇ ತಿಳಿಯಬೇಕಿತ್ತು. ಈಗಿನವರು ಒಳಗಿನದನ್ನೆಲ್ಲ ಚಿತ್ರ ತೆಗೆದು ನೋಡುತ್ತಾರೆ. ನಮ್ಮ ಕಡೆ ಆಗ ಅಂಥ ಯಂತ್ರದ ಹೆಸರೂ ಕೇಳಿರಲಿಲ್ಲ.

ಹಿರಿಯ ಡಾಕ್ಟರ ಕೋಣೆಗೆ ಹೋಗಿ, ಸೂಜಿ ಬಳಸಿದೆ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದೆ. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಈ ವಾರ್ಡಿನಲ್ಲಿ ಹತ್ತಿಗೆ ನಕ್ಕ ಮಕ್ಕಳು ಎಷ್ಟು ಮಂದಿ ಬಂದು ಹೋಗಿದ್ದಾರೆ ಎಂದು ತಮ್ಮನ್ನೇ ಕೇಳಿಕೊಂಡಂತೆ ಹೇಳಿದರು. ನಂತರ ಎದ್ದು ಬಂದು, ಮೊದಲು ಮಾಡಿದ ಕೆಲಸವೆಂದರೆ ಹುಡುಗಿಯ ಮಂಚದ ಕಾಲಿಗೆ ಒರಗಿಸಿಟ್ಟಿದ್ದ ಬಕೆಟನ್ನು ತೆಗೆಸಿದ್ದು. ನಮ್ಮಲ್ಲಿ ಪೋಲಿಯೊ ಮಕ್ಕಳ ಕಾಲಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಕಂಬಳಿ ಸುತ್ತುವ ಪದ್ಧತಿ ಇತ್ತು. ಆಯಾ ಅದಕ್ಕೆ ಎಲ್ಲ ತಯಾರಿ ಮಾಡಿಟ್ಟಿದ್ದಳು. ನಾವೂ ಅವಳನ್ನು ಸುಡುವುದರಲ್ಲಿದ್ದೆವು ಎಂದು ಅಜ್ಜಿಯನ್ನು ಬೈದ ಸಿಸ್ಟರಿಗೆ ಆಗ ಹೊಳೆದಿರಬೇಕು. ಬೊಬ್ಬೆಗೆ ಮುಲಾಮು ಹಚ್ಚಲು ಕೂತರು.

ಅವಳ ಕಥೆಯನ್ನು ಮೊದಲಿನಿಂದ ಕೇಳಿದೆವು. ಜ್ವರ ಬಂದಿತ್ತೇ? ಬಂದಿರಲಿಲ್ಲ. ಕಾರ್ಕಳದ ಡಾಕ್ಟರಿಗೆ ಮೈ ಬಿಸಿ ಸಿಕ್ಕಿದ್ದು ಉಪ್ಪಿನ ಗಂಟು ಮತ್ತು ಎರಡು ಕಂಬಳಿಗಳಿಂದ. ಬೆಳಿಗ್ಗೆ ಮಾವ ಚಿಕ್ಕಮ್ಮಂದಿರ ಮಕ್ಕಳೊಂದಿಗೆ ಜಗಲಿಯಿಂದ ಅಂಗಳಕ್ಕೆ ಯಾರು ದೂರ ಹಾರುತ್ತಾರೆ ಎಂದು ಪಂದ್ಯ ಕಟ್ಟಿದ್ದರು. ಇವಳು ಗೆದ್ದಳು. ಸ್ವಲ್ಪ ಹೊತ್ತಿಗೆ ಬೆನ್ನಿನಲ್ಲಿ ಚಾಕು ಹಾಕಿದಂಥ ನೋವು. ಊಟದ ಹೊತ್ತಿಗೆ ಕಾಲು ಇಲ್ಲ. ಅಷ್ಟು ಬೇಗ ಬಂದದ್ದು ರಕ್ತನಾಳದ ಕಡೆಗೇ ಬೆರಳು ತೋರಿಸುತ್ತಿತ್ತು. ಎದೆಯ ಸದ್ದು ಕೇಳಿದೆವು, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಲಿಂದ ಬಂದು ಹುರಿಯ ನಾಳವನ್ನು ಕಟ್ಟಿರಬಹುದೇ ಎಂದು. ಹೃದಯ ಸರಿ ಇತ್ತು. ಬೆನ್ನಿನಿಂದ ತೆಗೆದ ನೀರು ತಿಳಿಯಾಗಿತ್ತು. ಕೀವಿನ ಸುಳಿವು ಇಲ್ಲ.

ಉಳಿದದ್ದು ಡೈ ಹಾಕಿ ಎಕ್ಸ್‌ರೇ ನೋಡುವುದು. ಅದಕ್ಕೆ ಮಣಿಪಾಲಕ್ಕೇ ಹೋಗಬೇಕು. ಹುಡುಗಿಯನ್ನು ಹಲಗೆಯ ಮೇಲೆ ಮಲಗಿಸಿ ವ್ಯಾನಿನಲ್ಲಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅಜ್ಜಿ ಅವಳ ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಡ್ರಿಪ್ ನಿಲ್ಲಬಾರದು, ರಕ್ತದ ಒತ್ತಡ ಇಳಿಯಬಾರದು ಎಂದು ಹಿರಿಯ ಡಾಕ್ಟರು ಹೇಳಿ ಕಳಿಸಿದ್ದರಿಂದ ನಾನು ಬಾಟಲಿಯನ್ನು ಎತ್ತಿ ಹಿಡಿದಿದ್ದೆ. ಒಣಗುತ್ತಿರುವ ಗದ್ದೆಗೆ ಅಕ್ಕಪಕ್ಕದಿಂದ ಒಸರುವ ನೀರಾದರೂ ಸಿಗಲಿ ಎಂಬ ಲೆಕ್ಕ ಅದು.

ಸೊಂಟದ ಹತ್ತಿರ ಸೂಜಿ ಹಾಕಿ ಎಣ್ಣೆಯಂಥ ಡೈಯನ್ನು ಒಳಗೆ ಬಿಟ್ಟು, ಮೇಜನ್ನು ತಲೆಯ ಕಡೆಗೆ ವಾಲಿಸುತ್ತಾ ಹೋದರು. ಪರದೆಯ ಮೇಲೆ ಅದು ಬೆನ್ನುಮೂಳೆಯ ಒಳಗೆ ನಿಧಾನವಾಗಿ ಇಳಿಯಿತು. ಎಲ್ಲಾದರೂ ಒತ್ತಡವಿದ್ದರೆ ಅಲ್ಲಿ ಕಟ್ಟೆ ಹಾಕಿದಂತೆ ನಿಲ್ಲಬೇಕು. ಎದೆಯ ಕೆಳಭಾಗದ ಮೂಳೆಗಳ ಹತ್ತಿರ ಬಂದಾಗ ನಿಂತಿತು. ಮತ್ತೆ ಸ್ವಲ್ಪ ವಾಲಿಸಿದರು. ಎರಡು ಬದಿಗಳಲ್ಲಿ ತೆಳುವಾಗಿ ಹರಿದು ಮುಂದೆ ಹೋಯಿತು.

ಈ ಪರೀಕ್ಷೆಯಿಂದ ಪೂರ್ತಿ ಉತ್ತರ ಸಿಗಲಿಲ್ಲ. ಅಲ್ಲಿನ ಸರ್ಜನ್ ಒಳ್ಳೆಯ ಮನುಷ್ಯ, ಕೈ ಇನ್ನೂ ಒಳ್ಳೆಯದು ಎಂದು ಹೆಸರಿತ್ತು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ತಡೆ ಇಲ್ಲ ನಿಜ, ಆದರೆ ಹುರಿ ಇಲ್ಲಿ ದಪ್ಪವಾಗಿ ಕಾಣುತ್ತದೆ, ಒಳಗೇನಾದರೂ ಇದ್ದರೆ ನಾವು ಕಳೆದುಕೊಂಡ ಒಂದೊಂದು ಗಂಟೆಯೂ ಮಗುವಿನ ಲೆಕ್ಕಕ್ಕೆ ಬರುತ್ತದೆ ಎಂದರು. ಮಾರನೆಯ ದಿನ ಮಧ್ಯಾಹ್ನ ಆಪರೇಷನ್ ಥಿಯೇಟರ್ ಕೊಡಿಸುವುದಾಗಿ ಹೇಳಿದರು. ರಕ್ತನಾಳ ಕಟ್ಟಿದರೂ ಹುರಿ ಊದಿಕೊಳ್ಳಬಹುದಲ್ಲವೇ ಎಂದೆ. ಆಗಬಹುದು, ಆದರೆ ನಿಮ್ಮ ಊಹೆ ತಪ್ಪಿದರೆ ಎಂದು ಕೇಳಿದರು.

ಅಷ್ಟರಲ್ಲಿ ಹುಡುಗಿಯ ತಂದೆ ಕಾಪುವಿನಿಂದ ಬಂದಿದ್ದರು. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರ ಹಾಗೆ, ಅಂಗಿಯ ತೋಳಿನಲ್ಲಿ ಇನ್ನೂ ಅಕ್ಕಿಯ ಧೂಳು. ಸರ್ಜನ್ ಹೇಳಿದ್ದನ್ನೂ ಕೇಳಿದರು, ನಾನು ಹೇಳಿದ್ದನ್ನೂ ಕೇಳಿದರು.

“ನೀವಿಬ್ಬರೂ ಕಲಿತವರು. ಎರಡು ಡಾಕ್ಟ್ರು ಎರಡು ಹೇಳಿದರೆ ನಾನು ಎಂತ ಮಾಡ್ಬೇಕು ಡಾಕ್ಟ್ರೆ? ನನಗೆ ಅವಳು ನಡೆದರೆ ಸಾಕು. ಬೆನ್ನು ತೆರಿಬೇಕಾದರೆ ತೆರಿಯಿರಿ. ಬೇಡವಾದರೆ ಬೇಡ. ಆದರೆ ಒಂದು ಹೇಳಿ.”

ಮರುದಿನ ಬೆಳಿಗ್ಗೆ ಹಿರಿಯ ಡಾಕ್ಟರು ತಾವೇ ಮಣಿಪಾಲಕ್ಕೆ ಬಂದರು. ಹುಡುಗಿಯ ಪಕ್ಕದಲ್ಲಿ ಕೂತು, ನಿನಗೆ ಸೂಜಿ ಚುಚ್ಚಬಹುದೇ ಎಂದು ಕೇಳಿದರು. ಅವಳು, ಹೊಕ್ಕುಳದ ಕೆಳಗೆ ಎಷ್ಟು ಬೇಕಾದರೂ ಚುಚ್ಚಿ, ಮೇಲೆ ಬೇಡ ಎಂದಳು. ಅಷ್ಟು ವರ್ಷಗಳಲ್ಲಿ ಅವರು ಮಗುವಿನ ಮೈಮೇಲೆ ಸೂಜಿ ಇಟ್ಟದ್ದನ್ನು ನಾನು ಕಂಡದ್ದು ಆಗಲೇ. ತುಂಬ ಹೊತ್ತು ತೆಗೆದುಕೊಂಡರು. ಅವರಿಗೆ ಸಿಕ್ಕಿದ ಗೆರೆ ನಾನು ಹಿಂದಿನ ದಿನ ಪೆನ್ನಿನಲ್ಲಿ ಎಳೆದ ಗೆರೆಯ ಮೇಲೆಯೇ ಬಂತು.

ಆಮೇಲೆ ಸರ್ಜನ್ ಜೊತೆ ಮಾತಾಡಿದರು. ಒತ್ತುವ ಗಡ್ಡೆಯೋ ಕೀವೋ ಆದರೆ ಬೆಳೆಯುತ್ತಾ ಹೋಗುತ್ತದೆ, ಗೆರೆ ಮೇಲಕ್ಕೆ ಏರುತ್ತದೆ. ಲಕ್ವ ಬಂದಾಗಲೇ ಪೂರ್ತಿ ಬಂದಿರುತ್ತದೆ, ಗೆರೆ ನಿಂತಲ್ಲೇ ನಿಲ್ಲುತ್ತದೆ. ಥಿಯೇಟರ್ ಹಾಗೇ ಇರಲಿ. ಮಧ್ಯಾಹ್ನದವರೆಗೆ ಗಂಟೆಗೊಮ್ಮೆ ನೋಡೋಣ. ಒಂದು ಬೆರಳು ಏರಿದರೂ ಸಾಕು, ನೀವು ತೆರೆಯಿರಿ, ನಾನೇ ತಂದೆಗೆ ಹೇಳುತ್ತೇನೆ. ಸರ್ಜನ್ ಒಪ್ಪಿದರು. ಗೆರೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಆ ಬೆಳಗಿನಷ್ಟು ಉದ್ದದ ಬೆಳಗನ್ನು ನಾನು ಕಂಡಿಲ್ಲ. ಹುಡುಗಿ ಇದನ್ನು ಆಟ ಮಾಡಿಕೊಂಡಳು. ನಾನು ಸುಮ್ಮನೆ ಬಿಸಿ ತಣ್ಣನೆ ಬಿಸಿ ಎಂದು ಸಾಲಾಗಿ ಇಟ್ಟರೆ, ನೀವು ಮೋಸ ಮಾಡುತ್ತೀರಿ, ಕಲಸಿ ಇಡಿ ಎಂದು ತಿದ್ದುತ್ತಿದ್ದಳು. ಮುಟ್ಟದೆಯೇ “ಈಗ?” ಎಂದು ಕೇಳಿದರೆ “ಸುಳ್ಳು” ಎನ್ನುತ್ತಿದ್ದಳು. ಅಂಥ ಸಾಕ್ಷಿ ಸಿಗುವುದು ಅಪರೂಪ. ಗೆರೆ ಅಲ್ಲೇ ಇತ್ತು. ಇನ್ನೊಂದು ಸಲ ನೋಡಿದೆ, ಅಲ್ಲೇ ಇತ್ತು. ಅಜ್ಜಿ ಮಂಚದ ಇನ್ನೊಂದು ಬದಿಯಲ್ಲಿ ಕೂತು, ನನ್ನ ಕೈಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

ಮಧ್ಯಾಹ್ನ ಟ್ರಾಲಿ ಬಂತು. ಕೊನೆಯ ಸಲ ನೋಡಿ ಹೇಳಿಬಿಡಿ ಎಂದು ಥಿಯೇಟರಿನ ಸಿಸ್ಟರ್ ಬಾಗಿಲಲ್ಲಿ ನಿಂತರು. ಗೆರೆಯ ಮೇಲೆ ಬಿಸಿ ಪ್ರನಾಳ ಇಟ್ಟೆ. ಹುಡುಗಿ, ಮುಟ್ಟಿದಿರಿ, ಬಿಸಿ ಇಲ್ಲ ಎಂದಳು. ಎರಡು ಬೆರಳು ಮೇಲೆ ಇಟ್ಟೆ. ಬಿಸಿ ಇಲ್ಲ. ಪಕ್ಕೆಲುಬಿನ ಹತ್ತಿರ ಇಟ್ಟೆ. ಬಿಸಿ ಇಲ್ಲ.

ಗೆರೆ ಏರಿತ್ತು. ನನ್ನ ಊಹೆ ತಪ್ಪಾಗಿತ್ತು. ತಂದೆ ಬಾಗಿಲಿನಿಂದ ನೋಡುತ್ತಿದ್ದರು. ಸರ್ಜನ್‌ಗೆ ಹೇಳಿ ಎನ್ನಲು ಹೊರಟ ನಾನು, ಏಕೆಂದು ಈಗಲೂ ಸರಿಯಾಗಿ ಗೊತ್ತಿಲ್ಲ, ಅದೇ ಪ್ರನಾಳವನ್ನು ಹುಡುಗಿಯ ಕೆನ್ನೆಗೆ ಇಟ್ಟೆ.

“ಬಿಸಿ ಇಲ್ಲ” ಎಂದಳು. ಕಣ್ಣು ತೆರೆದು, “ಇದು ನಿಜವಾಗಿಯೂ ಇಲ್ಲ ಡಾಕ್ಟ್ರೆ” ಎಂದಳು.

ನನ್ನ ಕೈಗೆ ಹಿಡಿದು ನೋಡಿದೆ. ನೀರು ತಣಿದು ಹೋಗಿತ್ತು. ಟ್ರಾಲಿ ಬಂತು, ಹೊತ್ತಾಯಿತು ಎಂಬ ಗಡಿಬಿಡಿಯಲ್ಲಿ ಹಿಂದಿನ ಸಲದ ನೀರನ್ನೇ ಇಟ್ಟಿದ್ದೆ. ಕೆಟಲಿನಿಂದ ಹೊಸ ಬಿಸಿನೀರು ತಂದು, ಮೊದಲು ನನ್ನ ಕೆನ್ನೆಗೆ, ಆಮೇಲೆ ಅವಳ ಕೆನ್ನೆಗೆ, ಆಮೇಲೆ ಹೊಟ್ಟೆಗೆ ಇಟ್ಟೆ. ಗೆರೆಯ ಮೇಲೆ ಮುಟ್ಟಿದ ಕೂಡಲೇ “ಬಿಸಿ, ಬಿಸಿ” ಎಂದು ನನ್ನ ಕೈ ತಳ್ಳಿದಳು. ಸೂಜಿಯಿಂದಲೂ ನೋಡಿದೆ. ಗೆರೆ ಎಳ್ಳಷ್ಟೂ ಸರಿದಿರಲಿಲ್ಲ. ಸರ್ಜನ್ ಬಂದು ತಾವೂ ಒಮ್ಮೆ ನೋಡಿ, ಇವತ್ತು ಬೇಡ, ನಾಳೆ ನೋಡುವ ಎಂದು ಟ್ರಾಲಿ ವಾಪಸ್ ಕಳಿಸಿದರು. ನಾಳೆಯೂ ಬೇಡವಾಯಿತು. ನಾನು ವರಾಂಡಕ್ಕೆ ಹೋಗಿ ಕಿಟಕಿಗೆ ಮುಖ ಮಾಡಿ ಅತ್ತೆ.

ಬೆನ್ನು ಉಳಿಯಿತು, ಕಾಲು ಬಂದಿರಲಿಲ್ಲ. ಆಪರೇಷನ್ ಮಾಡದೆ ಬಿಟ್ಟದ್ದು ಸರಿಯೋ ಎಂಬುದನ್ನು ಹೇಳಬೇಕಾದದ್ದು ಆ ಕಾಲುಗಳೇ. ನಮ್ಮ ಆಸ್ಪತ್ರೆಗೆ ವಾಪಸ್ ಕರೆತಂದು, ಪೋಲಿಯೊ ವಾರ್ಡಿನ ಆಚೆ ಕಿಟಕಿಯ ಪಕ್ಕದ ಮಂಚ ಕೊಟ್ಟೆವು. ಹುರಿಯ ಉರಿಯೂತ ಪೂರ್ತಿ ಇಲ್ಲವೆಂದು ಹೇಳಲು ಬಾರದ್ದರಿಂದ ಕೆಲವು ದಿನ ಸ್ಟಿರಾಯ್ಡ್ ಕೊಟ್ಟೆವು. ಅದರಿಂದ ಏನಾದರೂ ಆಯಿತೋ ಗೊತ್ತಿಲ್ಲ. ನಿಜವಾದ ಚಿಕಿತ್ಸೆ ಬೇಸರದ್ದು. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಅವಳಿಗೆ ಅದು ಗೊತ್ತೂ ಆಗುವುದಿಲ್ಲ. ಹಗಲೂ ರಾತ್ರಿ ಮಗ್ಗುಲು ಬದಲಿಸಬೇಕು, ಪಾದ ಬೀಳದಂತೆ ಹಲಗೆ ಕೊಡಬೇಕು, ಪ್ರತಿಯೊಂದು ಕೀಲನ್ನೂ ಆಡಿಸಬೇಕು. ಮಗ್ಗುಲು ಬದಲಿಸುವುದನ್ನು ಅಜ್ಜಿ ತಮ್ಮ ನಮಾಜಿನ ಹೊತ್ತುಗಳಿಗೆ ಜೋಡಿಸಿಕೊಂಡು, ನಡುವೆ ಇನ್ನಷ್ಟು ಸೇರಿಸಿದರು. ಒಂದು ಸಲವೂ ತಪ್ಪಲಿಲ್ಲ.

ಆದರೆ ಅಜ್ಜಿ ಉಣ್ಣುತ್ತಿರಲಿಲ್ಲ. ಕಾರ್ಕಳದಿಂದ ಬಂದ ನೆಂಟರೊಬ್ಬರು ವಾರ್ಡಿನಲ್ಲೇ, ಮಗುವಿನ ಕಾಲು ಸುಟ್ಟು ಕೆಡಿಸಿದಿರಿ ಎಂದು ಅವರಿಗೆ ಹೇಳಿ ಹೋಗಿದ್ದರು. ನಾನು ಹುಡುಗಿಯ ಮಂಚದ ಮೇಲೆ ಕೂತು, ಉಪ್ಪಿನ ಗಂಟಿನಿಂದ ಕಾಲು ಹೋಗಿದ್ದಲ್ಲ, ಕಾಲು ಹೋದ ಮೇಲೆ ಬೊಬ್ಬೆ ಬಂದದ್ದು, ಆ ಬೊಬ್ಬೆ ಇಲ್ಲದಿದ್ದರೆ ನಮಗೆ ರೋಗ ತಿಳಿಯುತ್ತಿರಲಿಲ್ಲ ಎಂದು ಅಜ್ಜಿಗೆ ಹೇಳು ಎಂದೆ. ಹುಡುಗಿ ಹೇಳತೊಡಗಿದಳು. ನಾನು ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೇಳಿದಳು. ನಡುವೆ ನನ್ನತ್ತ ಬೆರಳು ತೋರಿಸಿದಳು, ತನ್ನ ಕೆನ್ನೆ ಮುಟ್ಟಿಕೊಂಡಳು, ನಕ್ಕಳು. ಡಾಕ್ಟರಿಗೂ ಬಿಸಿ ತಣ್ಣನೆ ತಿಳಿಯಲಿಲ್ಲ ಎಂದು ಹೇಳುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವತ್ತು ಗಂಜಿ ಉಂಡರು ಎಂದು ಆಯಾ ಹೇಳಿದಳು.

ದಿನಗಳು ಹೋದವು. ಮೊದಲು ಬಲಗಾಲಿನ ಹೆಬ್ಬೆರಳು ಅಲುಗಿತು. ಅಲುಗಿತೋ ನಮಗೆ ಹಾಗೆ ಕಂಡಿತೋ ಎಂದು ನಾವು ಮೂವರು ಡಾಕ್ಟರು ಬಗ್ಗಿ ನೋಡಿದೆವು. ಮಾರನೆಯ ದಿನ ಅನುಮಾನ ಉಳಿಯಲಿಲ್ಲ. ಎಡಗಾಲು ಮಾತ್ರ ಮಲಗಿಯೇ ಇತ್ತು. ನನ್ನ ಚಿಂತೆ ಮೂತ್ರದ್ದು. ನಳಿಗೆಯಿಂದ ಸೋಂಕಾಗಿ ಮಕ್ಕಳು ಹೋಗುವುದನ್ನು ಕಂಡಿದ್ದೆ. ಕಾಲಿಲ್ಲದೆ ಬದುಕಬಹುದು, ಮೂತ್ರಪಿಂಡ ಕೆಟ್ಟರೆ ಆಗುವುದಿಲ್ಲ. ನಳಿಗೆ ತೆಗೆದು ನೋಡಿದೆವು, ಬರಲಿಲ್ಲ, ಪುನಃ ಹಾಕಿದೆವು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಳಿಗೆ ತೆಗೆದ ಬೆಳಿಗ್ಗೆ ನಾನು ವಾರ್ಡಿಗೆ ಬಂದರೆ ಅಜ್ಜಿ ಗಡಿಬಿಡಿಯಲ್ಲಿ ಹಾಸಿಗೆಯ ಬಟ್ಟೆಯನ್ನು ಮುದ್ದೆ ಮಾಡಿ ಮಂಚದ ಕೆಳಗೆ ದೂಡುತ್ತಿದ್ದರು. ಹುಡುಗಿ ಮುಖವನ್ನು ಗೋಡೆಗೆ ಮಾಡಿ ಮಲಗಿದ್ದಳು. ನಾನು ಕೇಳಿದರೆ, ಸಿಸ್ಟರಿಗೆ ಹೇಳಬೇಡಿ, ಇಷ್ಟು ದೊಡ್ಡವಳಾಗಿ ಹಾಸಿಗೆ ಒದ್ದೆ ಮಾಡಿದೆ ಎಂದಳು.

ಸಿಸ್ಟರಿಗೆ ನಾನೇ ಕೂಗಿ ಹೇಳಿದೆ. ಅವರು ಓಡಿ ಬಂದು ಆ ಒದ್ದೆ ಬಟ್ಟೆಯನ್ನು ಎಳೆದು ಬಿಡಿಸಿ ನೋಡಿ, ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. ಇವರಿಗೆಲ್ಲ ಹುಚ್ಚು ಹಿಡಿದಿದೆ ಎಂದು ಹುಡುಗಿಗೆ ಅನ್ನಿಸಿರಬೇಕು. ಅಜ್ಜಿಗೆ ವಿಷಯ ತಿಳಿದ ಮೇಲೆ ಅವರೂ ನಮ್ಮ ಜೊತೆ ಸೇರಿದರು.

ಅವಳ ಹುರಿಯ ನಾಳ ಏಕೆ ಕಟ್ಟಿತು ಎಂಬುದಕ್ಕೆ ಖಚಿತ ಉತ್ತರ ನಮಗೆ ಸಿಗಲೇ ಇಲ್ಲ. ಮಣಿಪಾಲದ ಲೈಬ್ರರಿಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಜೋರಾಗಿ ಹಾರಿದಾಗ, ಭಾರ ಎತ್ತಿದಾಗ, ಬೆನ್ನುಮೂಳೆಗಳ ನಡುವಿನ ಮೆತ್ತೆಯ ಒಂದು ಚೂರು ರಕ್ತನಾಳಕ್ಕೆ ನುಗ್ಗಿ ಅದನ್ನು ಕಟ್ಟಬಹುದು ಎಂಬ ಊಹೆಯಿತ್ತು. ಅದನ್ನು ಸಾಬೀತು ಮಾಡಲು ಸತ್ತ ಮೇಲೆ ನೋಡಬೇಕು. ಬದುಕಿರುವವಳಲ್ಲಿ ಸಾಬೀತಾಗದಿರುವುದೇ ಒಳ್ಳೆಯದು. ಅದೂ ಅಲ್ಲದೆ ಅವಳು ಗೆದ್ದ ಪಂದ್ಯವೇ ಕಾರಣವೆಂದು ಅವಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು. ನಮ್ಮ ವಾರ್ಡಿನಲ್ಲಿ ಅಂದಿನಿಂದ ಹತ್ತಿಯ ಪಕ್ಕದಲ್ಲಿ ಎರಡು ಪ್ರನಾಳಗಳೂ ಬಂದವು. ಪೋಲಿಯೊ ಎಂದು ಬಂದ ಪ್ರತಿ ಮಗುವಿಗೂ ಬಿಸಿ ತಣ್ಣನೆಯ ಪರೀಕ್ಷೆ ಕಡ್ಡಾಯವಾಯಿತು. ಪರೀಕ್ಷಿಸುವವರು ಮೊದಲು ತಮ್ಮ ಕೆನ್ನೆಗೆ ಇಟ್ಟುಕೊಳ್ಳಬೇಕೆಂಬುದು ನಾನು ಸೇರಿಸಿದ್ದು.

ಎಡಗಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಕಟ್ಟಿಕೊಂಡು, ಒಂದು ಕೋಲು ಹಿಡಿದು, ತಂದೆಯ ಜೊತೆ ಅವಳು ಮನೆಗೆ ಹೋದಳು. ಮುಂದಿನ ವರ್ಷದ ಬೇಸಿಗೆಯಲ್ಲಿ ನಾನು ಪಡುಬಿದ್ರಿಗೆ ಬೇರೊಂದು ಕೆಲಸಕ್ಕೆ ಹೋದವಳು ಬರುವಾಗ ಕಾಪುವಿನಲ್ಲಿ ಬಸ್ಸಿನಿಂದ ಇಳಿದು ಅವಳ ಮನೆಗೆ ಹೋದೆ. ಕ್ಯಾಲಿಪರ್ ಬಿಟ್ಟಾಗಿತ್ತು. ಕೋಲೂ ಇರಲಿಲ್ಲ. ಎಡಗಾಲು ತೆಳ್ಳಗಿತ್ತು, ಸ್ವಲ್ಪ ಎಳೆಯುತ್ತಿತ್ತು, ಆದರೆ ನಡೆಯುತ್ತಿದ್ದಳು. ಪರೀಕ್ಷಿಸಿದೆ. ಕಾಲುಗಳು ಲೆಕ್ಕವನ್ನು ವಿಚಿತ್ರವಾಗಿ ಹಂಚಿಕೊಂಡಿದ್ದವು. ಬಲಗಾಲಿಗೆ ಶಕ್ತಿ ಪೂರ್ತಿ ಬಂದಿತ್ತು, ಬಿಸಿಯೂ ನೋವೂ ತಿಳಿಯುತ್ತಿರಲಿಲ್ಲ. ಎಡಗಾಲಿಗೆ ಎಲ್ಲವೂ ತಿಳಿಯುತ್ತಿತ್ತು, ಶಕ್ತಿ ಕಡಿಮೆ. ಹುರಿಯೊಳಗೆ ನೋವಿನ ದಾರಿ ಆಚೆ ಬದಿಗೆ ದಾಟುವುದರಿಂದ ಹೀಗಾಗುತ್ತದೆ ಎಂದು ವಿವರಿಸಲು ಹೋದೆ. ಅವಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಕಡಲು ನೋಡಲು ಹೋಗೋಣ ಎಂದಳು.

ಮನೆಯ ಹೊಸ್ತಿಲು ದಾಟುವಾಗ ಬಲಗಾಲು ಮುಂದಿಟ್ಟಳು. ಕಡಲ ದಂಡೆ ಬಂದಾಗ ಚಪ್ಪಲಿ ಕಳಚಿ, ಒಂದು ಕ್ಷಣ ನಿಂತು, ಆ ತೆಳ್ಳನೆಯ ಎಡಗಾಲನ್ನು ಮುಂದಿಟ್ಟಳು. ಮರಳಿನಲ್ಲಿ ಅದು ನಡುಗಿತು. ಬೀಳುತ್ತಾಳೆಂದು ನಾನು ತೋಳು ಹಿಡಿದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟಿಲ್ಲವೇ, ಗಟ್ಟಿ ಕಾಲು ಮೊದಲು ಇಡಬೇಕು ಎಂದೆ.

“ಗಟ್ಟಿ ಕಾಲಿಗೆ ಮರಳು ಬಿಸಿ ಉಂಟಾ ಇಲ್ಲವಾ ಗೊತ್ತಾಗುದಿಲ್ಲ ಅಲ್ವಾ ಡಾಕ್ಟ್ರೆ” ಎಂದಳು. “ಇದು ಮೊದಲು ಹೋಗಿ ನೋಡ್ತದೆ. ಇದು ಆಗ್ತದೆ ಅಂದ ಮೇಲೆ ಅದು ಬರುದು.”

ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ ಎಂದಳು. ನನ್ನ ಕೈ ಬಿಡಿಸಿಕೊಂಡು, ಎಡಗಾಲಿನಿಂದ ಮರಳನ್ನು ಒತ್ತಿ ನೋಡುತ್ತಾ, ಬಲಗಾಲಿನಿಂದ ಮೈ ಎತ್ತುತ್ತಾ, ನೀರಿನ ಕಡೆಗೆ ಹೊರಟಳು. ನಾನು ಚಪ್ಪಲಿ ಕಳಚಿ ಹಿಂದೆ ಹೋದೆ. ಅಭ್ಯಾಸವಿಲ್ಲದ ನನ್ನ ಪಾದಕ್ಕೆ ಮರಳು ತುಂಬ ಬಿಸಿಯಿತ್ತು. ನಾನು ನಿಂತೆ, ಅವಳು ನಿಲ್ಲಲಿಲ್ಲ.